ಆರಡಿ ಹಾದಿ

ಏಪ್ರಿಲ್ 7, ಸೋಮವಾರ

ಊಟದ ಬಿಡುವು. ಕರೆಂಟ್ ಹೋಗಿದೆ, ಅದಕ್ಕೇ ಬರೆಯಲು ಕೂತೆ. ಅಳತೆ ಬರೆದುಕೊಳ್ಳಲು ಆಫೀಸಿನವರು ಕೊಟ್ಟ ನೋಟ್‌ಬುಕ್ ಇದು. ಮುಂದಿನಿಂದ ಅವರ ಅಳತೆ, ಹಿಂದಿನ ಪುಟದಿಂದ ನನ್ನದು. ಹಿಂದಿನಿಂದ ಯಾರೂ ತೆಗೆದು ನೋಡುವುದಿಲ್ಲ.

ಬಸವಲಿಂಗ ಸರ್ ಹೊಸ ಕಂಪ್ಯೂಟರ್ ತಂದಿದ್ದಾರೆ, ಅದರಲ್ಲಿ ನಕ್ಷೆ ಬರೆಯುವ ಹೊಸ ಕ್ಯಾಡ್ ತಂತ್ರಾಂಶ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಈ ಎರಡು ಕೋಣೆಯ ಆಫೀಸಿನಲ್ಲಿ ಅವರು ಇಂಜಿನಿಯರ್, ನಾನು ನಕ್ಷೆ ಬರೆಯುವವಳು. ಹತ್ತೊಂಬತ್ತು ವರ್ಷವಾಯಿತು. ಇಷ್ಟು ದಿನ ನಕ್ಷೆ ಕಂಪ್ಯೂಟರಿನಲ್ಲಿ, ಲೆಕ್ಕ ನನ್ನ ಕ್ಯಾಲ್ಕುಲೇಟರಿನಲ್ಲಿ. ಹೊಸದರಲ್ಲಿ ಲೆಕ್ಕವೂ ಒಳಗೇ ಇದೆಯಂತೆ. ಕೋಣೆಯ ಗೆರೆ ತೋರಿಸಿದರೆ ಅದರ ಚದರಡಿ ತಾನೇ ಕೋಷ್ಟಕದಲ್ಲಿ ಬಂದು ಕೂರುತ್ತದೆ, ಗೆರೆ ಸರಿಸಿದರೆ ಅಂಕಿಯೂ ಬದಲಾಗುತ್ತದೆ. ಯಂತ್ರ ಎಣಿಸಿದ ಅಂಕಿಯ ಹಿಂದೆ ಪರದೆಯ ಮೇಲೆ ಬೂದು ಬಣ್ಣ ಕಾಣುತ್ತದೆ, ನಾವು ಕೈಯಿಂದ ಬರೆದದ್ದಕ್ಕೆ ಇಲ್ಲ.

"ಇನ್ನ ಆ ನಿಮ್ಮ ಕ್ಯಾಲ್ಕುಲೇಟರ್ ಮೂಲಿಗಿ ಇಡ್ರಿ, ಶೇಖಮ್ಮ," ಎಂದರು. ಅದರ ಏಳರ ಗುಂಡಿಯೇ ಸವೆದುಹೋಗಿದೆ, ಮೂಲೆಗೆ ಇಟ್ಟರೆ ಅದಕ್ಕೂ ವಿಶ್ರಾಂತಿ. ನನಗೆ ಯಾರು ಹಾಗೆ ಹೇಳುತ್ತಾರೆ?

ಬೆಳಿಗ್ಗೆ ದೇವದುರ್ಗದ ಅಂಗಡಿಯ ನಕ್ಷೆ ಮುಗಿಸಿದೆ. ನಿಯಮದಂತೆ ಪಕ್ಕಕ್ಕೆ ಮೂರಡಿ ಬಿಡಬೇಕು, ಮಾಲೀಕ ಬಿಟ್ಟದ್ದು ಒಂದೂಮುಕ್ಕಾಲು. ಅಳತೆಯ ಮೇಲೆ ಎರಡು ಸಲ ಒತ್ತಿ 3'-0" ಎಂದು ಬರೆದುಕೊಟ್ಟೆ. ಗೆರೆ ಇದ್ದಲ್ಲೇ ಇರುತ್ತದೆ, ಅಂಕಿ ಮಾತ್ರ ನಾವು ಹೇಳಿದ್ದು. ಎಲ್ಲ ಆಫೀಸಿನಲ್ಲೂ ನಡೆಯುವುದೇ.

ನಮ್ಮ ಮನೆಯವರು ಬೆಳಿಗ್ಗೆ ಮತ್ತೆ ಕೇಳಿದರು, ಇನ್ನೆಷ್ಟು ದಿನ ಅಂತ. ಫೆಬ್ರುವರಿಯಲ್ಲಿ ಅಕ್ಕಿ ಮಿಲ್ಲಿನ ಏಣಿಯಿಂದ ಬಿದ್ದವರು ಇನ್ನೂ ಮಂಚದ ಮೇಲಿದ್ದಾರೆ. "ಹದಿನೈದು ದಿನ ಅಂದಾರ ಡಾಕ್ಟರ್," ಎಂದೆ. ಡಾಕ್ಟರ್ ಹಾಗೇನೂ ಅಂದಿಲ್ಲ.

ಏಪ್ರಿಲ್ 9, ಬುಧವಾರ

ಮಾನ್ವಿಗೆ ಹೋಗಿ ಬಂದೆವು. ಬಿಸಿಲು ಎಂದರೆ ಟೇಪು ಹಿಡಿದರೆ ಕೈ ಸುಡುವಂಥದ್ದು. ಅಕ್ಕ ತಮ್ಮನ ಪಾಲು. ತಂದೆ ಬಿಟ್ಟುಹೋದ ಜಾಗದಲ್ಲಿ ರಸ್ತೆಯ ಕಡೆ ಮಹಮ್ಮದ್ ಹುಸೇನರಿಗೆ, ಹಿಂದಿನ ಎರಡು ಕೋಣೆ ಅಕ್ಕ ಶಹಜಾದಿ ಬೇಗಂಗೆ. ಮುಂದೆ ಹಳೇ ಗೋಡೆ ಬಿದ್ದು ಬಯಲಾಗಿದೆ. ಮಗನ ನಿಕಾಹ್ ಮಾಡುವುದರೊಳಗೆ ಅಲ್ಲಿ ಮನೆ ಕಟ್ಟಬೇಕೆಂದು ಹುಸೇನರಿಗೆ ಆತುರ. ಬಲಗಡೆ ನೆರೆಯವರ ಗೋಡೆಗೆ ಹೊಂದಿಕೊಂಡು ರಸ್ತೆಯಿಂದ ಅಕ್ಕನ ಬಾಗಿಲವರೆಗೆ ನಲವತ್ತಡಿ ಉದ್ದದ ಹಾದಿ ಬಿಡಬೇಕು, ಆರಡಿ ಅಗಲ. ಇಬ್ಬರೂ ಒಪ್ಪಿದ ಮಾತು.

ಶಹಜಾದಿ ಬೇಗಂಗೆ ಅರವತ್ತು ದಾಟಿರಬೇಕು. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಬಂಡಿ ನಿಲ್ಲಿಸುತ್ತಾರೆ. ಮಗ ಇಲ್ಲ, ಮಗಳು ಇಲ್ಲ, ಬಂಡಿಯೇ ಎಲ್ಲ. ನನ್ನ ಹೆಸರು ಕೇಳಿ, "ದರ್ಗಾಕ್ಕ ಬೇಡಿಕೊಂಡು ಹುಟ್ಟಿದಾಕಿ ಏನವ್ವಾ? ಹಂಗಾದ್ರ ಅರ್ಧ ನಮ್ಮಾಕಿ!" ಎಂದು ಎರಡು ಹಣ್ಣು ಕೈಗಿಟ್ಟರು.

"ಆರ್ ಫೂಟು ಯಾಕ್ರಿ ಅಮ್ಮಾ, ಐದ್ ಸಾಲಂಗಿಲ್ಲೇನು?" ಸರ್ ಕೇಳಿದರು.

"ನನ್ನ ಬಂಡಿನೇ ನಾಕ್ ಫೂಟ್ ಅದ ಸಾಹೇಬ್ರ. ಮತ್ತ ನಾ ಸತ್ತಾಗ ಜನಾಜಾ ಹೊರಗ ಬರಬೇಕಲ್ರಿ. ಎರಡೂ ಕಡಿ ಹೊರೂ ಮಂದಿ ಇರ್ತಾರ. ಇಲ್ಲಂದ್ರ ಚಾಪಿ ಸುತ್ತಿದಂಗ ಸುತ್ತಿ ತರ್ತಾರೇನು ನನ್ನ?"

ಹುಸೇನರು ನಕ್ಕರು. "ಆಪಾ, ಆರು ಅಂದ್ರ ಆರು. ನಾ ಎಲ್ಲಿ ಹೋಗ್ತೀನಿ?"

ಸರ್ ರಸ್ತೆಯ ಕಡೆ ಅಳೆದರು, ಮೂವತ್ತಾರು. ಮೂವತ್ತು ಮನೆಗೆ, ಆರು ಹಾದಿಗೆ. ಹಿಂದೆ ಎಡಮೂಲೆಯಲ್ಲಿ ಜಾಲಿ ಬೆಳೆದು ಟೇಪು ಹಿಡಿಯಲು ಬರಲಿಲ್ಲ. "ಹಿಂದನೂ ಅಷ್ಟೇ ಅದ್ರಿ," ಎಂದರು ಹುಸೇನರು, ಸರ್ ಬರೆದುಕೊಂಡರು. ನಾನು ಮಾತ್ರ ರಸ್ತೆಯ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಅಡ್ಡ ಒಂದು ಅಳತೆ ಹಿಡಿದೆ. ಐಟಿಐನಲ್ಲಿ ಕಲಿಸಿದ ಮೇಷ್ಟ್ರು ಅದಿಲ್ಲದೆ ಸೈಟಿನಿಂದ ಏಳಗೊಡುತ್ತಿರಲಿಲ್ಲ. ಐವತ್ತೆರಡಡಿ ನಾಲ್ಕಿಂಚು.

"ಮೂಲಿಯಿಂದ ಮೂಲಿಗಿ ಯಾಕ್ರಿ, ನಾವೇನ್ ಕೋರ್ಟ್ ಕಟ್ಟಾಕತ್ತೀವೇನು?" ಎಂದರು ಸರ್. ಬಸ್ಸಿನಲ್ಲಿ ಕಲ್ಲೂರು ಬರುವಷ್ಟರಲ್ಲಿ ನಿದ್ದೆ ಬಂದಿತ್ತು.

ಏಪ್ರಿಲ್ 11, ಶುಕ್ರವಾರ

ಮಾನ್ವಿಯದನ್ನು ಬರೆದೆ. ಅಡ್ಡ ಅಳತೆ ಹಾಕಿದರೆ ನೆರೆಯವರ ಗೋಡೆ ಓರೆಯಾಗಿ ನಿಲ್ಲುತ್ತದೆ, ಹಾದಿ ಹಿಂದೆ ಹೋಗುತ್ತ ಕಿರಿದಾಗುತ್ತದೆ. ಸರ್‌ಗೆ ತೋರಿಸಿದೆ. "ಆರ ಬರೀರಿ. ಇಬ್ಬರೂ ಒಪ್ಪ್ಯಾರ, ನಮಗೇನು?" ಎಂದರು. ಬರೆದೆ.

ಏಪ್ರಿಲ್ 14, ಸೋಮವಾರ

ರಜೆ. ಎರಡು ಕೊಡ ನೀರು, ಒಂದು ರಾಶಿ ಬಟ್ಟೆ. ಇವರ ಬೆನ್ನಿಗೆ ಎಣ್ಣೆ ಹಚ್ಚಿದೆ. ಬರೆಯುವಂಥದ್ದೇನೂ ಇಲ್ಲ.

ಏಪ್ರಿಲ್ 17, ಗುರುವಾರ

ತಲೆ ಸಿಡಿಯುತ್ತಿದೆ. ಪಾಲುಪತ್ರ ಬರೆಯುವವನಿಗೆ ಮಾನ್ವಿಯ ಮೂರೂ ಭಾಗದ ಚದರಡಿ ಕೋಷ್ಟಕ ಬೇಕು. ಸರ್ ಹೇಳಿದಂತೆ ಯಂತ್ರದ ಲೆಕ್ಕವನ್ನೇ ಹಾಕಿದೆ. ಹುಸೇನರ ಮನೆ 1200, ಸರಿ. ಹಾದಿ 195. ಆರು ನಲವತ್ತಲೆ ಇನ್ನೂರ ನಲವತ್ತು ಎಂದು ಮೂರನೇ ತರಗತಿಯ ಮಗುವೂ ಹೇಳುತ್ತದೆ, ಲಕ್ಷಗಟ್ಟಲೆ ಲೆಕ್ಕ ಮಾಡುವ ಈ ಜಾಣನಿಗೆ ನೂರ ತೊಂಬತ್ತೈದು!

ಅಳಿಸಿ ಮತ್ತೆ ಹಾಕಿದೆ, 195. ಫೈಲು ಮುಚ್ಚಿ ತೆಗೆದೆ, 195. ಪರೀಕ್ಷೆಗೆಂದು ಪಕ್ಕದಲ್ಲಿ ಹತ್ತಕ್ಕೆ ಹತ್ತರ ಚೌಕ ಎಳೆದು ಕೇಳಿದೆ, ನೂರು ಎಂದಿತು. ಸವೆದ ಗುಂಡಿಯ ಕ್ಯಾಲ್ಕುಲೇಟರ್ ತೆಗೆದು ಆರು ಗುಣಿಸು ನಲವತ್ತು ಒತ್ತಿದೆ. ಅದು ನನ್ನ ಕಡೆ. 240 ಎಂದಿತು.

ಪತ್ರ ಬರೆಯುವವನು ಎರಡು ಸಲ ಫೋನ್ ಮಾಡಿದ. ಕೊನೆಗೆ ಯಂತ್ರದ ಅಂಕಿಯನ್ನು ಗೆರೆಯಿಂದ ಬಿಡಿಸಿ ಬರೀ ಅಕ್ಷರ ಮಾಡಿ 240 ಎಂದು ಬರೆದೆ. ಹಿಂದಿನ ಬೂದು ಬಣ್ಣ ಹೋಯಿತು. ಪ್ರಿಂಟಿನಲ್ಲಿ ಬೂದು ಬಣ್ಣ ಹೇಗೂ ಬರುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ?

ಏಪ್ರಿಲ್ 22, ಮಂಗಳವಾರ

ಯಾರಿಗೂ ಗೊತ್ತಾಗಲಿಕ್ಕಿಲ್ಲ, ನನಗೆ ಗೊತ್ತು. ಐದು ದಿನದಿಂದ ನಲವತ್ತೈದು ಚದರಡಿ ಎಲ್ಲಿ ಹೋಯಿತು ಎಂದು ತಲೆ ಕೆರೆದುಕೊಳ್ಳುತ್ತಿರುವಂತೆ ನಾಟಕ ಮಾಡುತ್ತಿದ್ದೇನೆ. ನಾಟಕ ನೋಡಲು ಯಾರೂ ಇಲ್ಲ, ಆದರೂ ಮಾಡುತ್ತಿದ್ದೇನೆ.

ಇವತ್ತು ಹಾದಿಯ ಹಿಂದಿನ ಅಳತೆಯ ಮೇಲೆ ಒತ್ತಿ, ನಾನು ಬರೆದ ಆರನ್ನು ಅಳಿಸಿದೆ. ಅಳಿಸಿದರೆ ಗೆರೆಯ ನಿಜವಾದ ಅಳತೆ ತಾನೇ ಮರಳಿ ಬರುತ್ತದೆ. 3'-9" ಎಂದು ಬಂತು. ಮುಂದೆ ಆರು, ಹಿಂದೆ ಮೂರೂಮುಕ್ಕಾಲು. ಯಂತ್ರ ನಾನು ಬರೆದ ಅಂಕಿಯನ್ನು ಓದುವುದೇ ಇಲ್ಲ, ಎಳೆದ ಗೆರೆಯನ್ನು ಮಾತ್ರ ಎಣಿಸುತ್ತದೆ. ಗೆರೆಯನ್ನು ನಾನೇ ಸರಿಯಾಗಿ ಎಳೆದಿದ್ದೆ.

ಬಂಡಿ ನಾಲ್ಕಡಿ. ಹುಸೇನರು ಎಡಗಡೆಯಿಂದ ಮೂವತ್ತಡಿಗೆ ಗೋಡೆ ನೇರ ಕಟ್ಟಿದರೆ ಆ ಬಂಡಿ ಬಾಗಿಲು ಬಿಟ್ಟು ಹೊರಡುವುದೇ ಇಲ್ಲ. ಕಾಗದದಲ್ಲಿ ಆರಡಿ ಇರುತ್ತದೆ, ಸರ್ ಸಹಿ ಇರುತ್ತದೆ. ಸೋಮವಾರ ರಿಜಿಸ್ಟ್ರಿ, ಮರುದಿನ ಪಾಯ.

ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದ ಆರ್ ಅದ ಇಲ್ಲ? ಆಯ್ತಲ್ರಿ. ಈಗ ತಿದ್ದಿದ್ರ ಆತ ಜಗಳಾ ತೆಗೀತಾನ, ರಿಜಿಸ್ಟ್ರಿ ನಿಲ್ತದ, ಹೆಸರು ಹೋಗೂದು ನಂದು. ಅಕ್ಕ ತಮ್ಮ ಇದ್ದಾರ, ನೋಡ್ಕೊಂತಾರ ಬಿಡ್ರಿ."

ಅವರೂ ದಣಿದಿದ್ದಾರೆ. ಅದು ಗೊತ್ತಾಗಿದ್ದಕ್ಕೇ ಸುಮ್ಮನಾದೆ.

ಏಪ್ರಿಲ್ 24, ಗುರುವಾರ

ಅರ್ಧ ದಿನ ರಜೆ ಹಾಕಿ ಇವರ ಎಕ್ಸ್‌ರೇ ತೋರಿಸಲು ಹೋಗಿದ್ದೆ. ಇವರನ್ನು ಕರೆದೊಯ್ಯಲಿಲ್ಲ, ಆಟೋದಲ್ಲಿ ಕೂರಲಾಗುವುದಿಲ್ಲ. ಡಾಕ್ಟರ್ ಬಹಳ ಮೆತ್ತಗೆ ಹೇಳಿದರು. ಕೋಲು ಹಿಡಿದು ನಡೆಯಲು ಆರು ತಿಂಗಳು, ಅದೂ ದಿನಾ ನಡೆಸಿದರೆ. ಮಲಗಿಯೇ ಇದ್ದರೆ ಅದೂ ಇಲ್ಲ. ಏಣಿ ಹತ್ತುವ ಕೆಲಸ ಇನ್ನು ಜನ್ಮದಲ್ಲಿಲ್ಲ.

ಮನೆಗೆ ಬಂದೆ. "ಏನಂದ್ರು?"

"ಇನ್ನ ಹದಿನೈದು ದಿನ. ಮಲಗಿ ಆರಾಮ ತಗೋರಿ ಅಂದ್ರು."

ಹೂಂ ಎಂದರು. ಗೋಡೆಯ ಕಡೆ ಹೊರಳಲು ನೋಡಿದರು, ಆಗಲಿಲ್ಲ. ನಾನು ಹೊರಳಿಸಿದೆ.

ಏಪ್ರಿಲ್ 25, ಶುಕ್ರವಾರ

ಕೆಲಸ ಇರಲಿಲ್ಲ. ಸುಮ್ಮನೆ ದೇವದುರ್ಗದ ಅಂಗಡಿಯ ಫೈಲು ತೆಗೆದು ನಾನು ಬರೆದ ಅಂಕಿಗಳನ್ನು ಅಳಿಸುತ್ತ ಹೋದೆ. ಒಂದೇ ನಕ್ಷೆಯಲ್ಲಿ ಏಳು. ಅದರ ಹಿಂದಿನದರಲ್ಲಿ ನಾಲ್ಕು, ಅದರ ಹಿಂದಿನದರಲ್ಲಿ ಒಂಬತ್ತು. ಹತ್ತೊಂಬತ್ತು ವರ್ಷದ್ದು ತೆಗೆಯಲು ಇನ್ನೊಂದು ಜನ್ಮ ಬೇಕು. ಯಾವುದನ್ನೂ ಉಳಿಸದೆ ಹಾಗೇ ಮುಚ್ಚಿದೆ. ಅಳು ಬಂತು. ಎಸಿ ಇಲ್ಲದ ಕೋಣೆಯಲ್ಲಿ ಅತ್ತರೂ ಬೆವರೆಂದೇ ಎಲ್ಲರೂ ತಿಳಿಯುತ್ತಾರೆ.

ಏಪ್ರಿಲ್ 27, ಭಾನುವಾರ

ಮಾನ್ವಿಯಿಂದ ಬಂದ ಬಸ್ಸು ಈಗ ಇಳಿದೆ. ರಾಯಚೂರು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಬರೆಯಲಾಗುವುದಿಲ್ಲ. ಆಫೀಸ್ ಕೆಲಸ ಎಂದು ಹೇಳಿ ಬಂದಿದ್ದೇನೆ.

ಟೇಪು ತೆಗೆದುಕೊಂಡು ಬೆಳಿಗ್ಗೆಯೇ ಹೋದೆ. ಜಾಲಿ ಕಡಿಸಿದ್ದರು, ಹಿಂದೆ ಅಳೆಯಲು ಬಂತು. ಮೂವತ್ತಮೂರಡಿ ಒಂಬತ್ತಿಂಚು. ಯಂತ್ರ ಅಲ್ಲಿಗೆ ಬಾರದೆ ಹೇಳಿದ್ದನ್ನು ನಾನು ಎರಡು ಬಸ್ಸು ಹತ್ತಿ ನೋಡಿದೆ. ಶಹಜಾದಿ ಬೇಗಂ ಸುಣ್ಣದ ಪುಡಿ ತಂದುಕೊಟ್ಟರು. ಹುಸೇನರ ಗೋಡೆ ಬರುವ ಜಾಗಕ್ಕೆ ರಸ್ತೆಯಿಂದ ಹಿಂದಿನವರೆಗೆ ಗೆರೆ ಹಾಕಿದೆ. ಗೆರೆ ಎಲ್ಲಿಗೆ ಬಂತೆಂದು ಆಕೆ ನೋಡಿದರು.

ಅಷ್ಟರಲ್ಲಿ ಹುಸೇನರು ಬಂದರು. "ಏನ್ ಮಾಡಾಕತ್ತೀರಿ ಅಕ್ಕಾರ? ಸರ್ ಎಲ್ಲಿ?"

"ಸರ್ ಬಂದಿಲ್ರಿ. ಹಿಂದ ಆರ್ ಫೂಟ್ ಉಳಿಯಂಗಿಲ್ಲ. ಮೂರೂಮುಕ್ಕಾಲೇ ಬರ್ತದ."

"ಕಾಗದದಾಗ ಆರು ಅದ. ನಾನೇ ನೋಡೀನಿ."

"ಕಾಗದದಾಗ ನಾನೇ ಬರದೀನ್ರಿ," ಎಂದೆ. "ಸುಳ್ಳ ಬರದೀನಿ."

ಅವರು ನನ್ನ ಮುಖ ನೋಡಿದರು. ಸಿಟ್ಟು ಬಂತು, ಬರಲೇಬೇಕಿತ್ತು. "ಪಾಯಕ್ಕ ಮಂದಿ ಹೇಳೀನಿ, ಕಲ್ಲು ಇಳಿಸೀನಿ, ಮಗನ ನಿಕಾಹ್ ಮುಂದ ಅದ. ಅಳತಿ ಮಾಡೂವಾಗ ನೀವು ಇಲ್ಲೇ ಇದ್ರಲ್ಲ? ಆವಾಗ ಬಾಯಾಗ ಏನಿತ್ತು?"

ಬಾಯಲ್ಲಿ ಆಗ ಅವರ ಅಕ್ಕ ಕೊಟ್ಟ ಬಾಳೆಹಣ್ಣು ಇತ್ತು.

ಅಕ್ಕ ಜಗಳಕ್ಕೆ ಬರಲಿಲ್ಲ. ಹೋಗಿ ಬಂಡಿಯ ಹಿಡಿಕೆ ಹಿಡಿದರು. ಎರಡು ಹೆಜ್ಜೆ ತಳ್ಳುವಷ್ಟರಲ್ಲಿ ಹುಸೇನರು, "ಬಿಡು ಆಪಾ," ಎಂದು ತಾವೇ ಹಿಡಿದರು. ಬಂಡಿಯನ್ನು ನೆರೆಯವರ ಗೋಡೆಗೆ ಅಂಟಿಸಿ ತಳ್ಳಿದರೂ ಇನ್ನೊಂದು ಕಡೆಯ ಗಾಲಿ ಸುಣ್ಣದ ಗೆರೆಯ ಮೇಲೇ ಬಂತು. ಅಂದರೆ ಗೋಡೆಯ ಒಳಗೆ. ಹಿಂದೆಳೆದು ಮತ್ತೊಮ್ಮೆ ತಳ್ಳಿದರು. ಮತ್ತೆ ಗೆರೆಯ ಮೇಲೆ. ಮೂರನೆಯ ಸಲ ತಳ್ಳಲಿಲ್ಲ.

"ಐದು ಬಿಟ್ರ ನಂದು ಎಷ್ಟು ಹೋಗ್ತದ?"

ಕ್ಯಾಲ್ಕುಲೇಟರ್ ಚೀಲದಲ್ಲೇ ಇತ್ತು. "ಮುಂದ ಏನೂ ಹೋಗಂಗಿಲ್ಲ. ಹಿಂದ ಒಂದು ಫೂಟು ಮೂರಿಂಚು. ಹಿಂದಿನ ಮಲಗೋ ಕೋಲಿ ಹತ್ತು ಫೂಟ್ ಇದ್ದದ್ದು ಎಂಟೂಮುಕ್ಕಾಲು ಆಗ್ತದ."

"ಹುಡುಗಂದು ಅದು. ಮಂಚ ಹಿಡೀತದೇನು?"

"ಹಿಡೀತದ್ರಿ. ಕಪಾಟು ಬಾಗಿಲ ಕಡಿ ಇಟ್ಕೋಬೇಕು."

ಅವರು ಕಾಲಿನಿಂದ ಗೆರೆಯ ಹಿಂದಿನ ತುದಿಯನ್ನು ಉಜ್ಜಿದರು. ನಾನು ಒಂದಡಿ ಮೂರಿಂಚು ಒಳಗೆ ಸರಿಸಿ ಹೊಸ ಗೆರೆ ಹಾಕಿದೆ. ಬಂಡಿ ರಸ್ತೆಯವರೆಗೆ ಹೋಯಿತು.

"ಆರು ಅಂದಿದ್ದೆ ಆಪಾ," ಎಂದರು ಹುಸೇನರು, ನೆಲ ನೋಡುತ್ತ.

"ಖರೇ ಐದು ಕೊಡಾಕತ್ತೀಯಲ್ಲ, ಸಾಕು. ಬರದಿದ್ದ ಆರು ತಗೊಂಡು ನಾ ಅದರ ಮ್ಯಾಲ ಬಂಡಿ ಹೊಡೀಲೇನು?"

ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹೊರಡುವಾಗ, "ಮನ್ಯಾಗ ಯಾರ್ಯಾರಿದ್ದಾರವ್ವಾ?" ಎಂದು ಕೇಳಿದರು. ಇವರ ವಿಷಯ ಹೇಳಿದೆ. ಎಷ್ಟು ದಿನಕ್ಕೆ ಏಳ್ತಾರ ಎಂದರು. ಆರು ತಿಂಗಳು ಎಂದೆ, ನಡೆಸಿದರೆ. ಬಸ್ಸಿನಲ್ಲಿ ಹೊಳೆಯಿತು, ಈ ಮಾತನ್ನು ಮೊದಲ ಸಲ ಒಬ್ಬರಿಗೆ ಹೇಳಿದ್ದು.

ಏಪ್ರಿಲ್ 28, ಸೋಮವಾರ

ರಿಜಿಸ್ಟ್ರಿ ಒಂದು ವಾರ ಮುಂದೆ ಹೋಯಿತು. ಎಲ್ಲ ಹೇಳಿದಾಗ ಸರ್ ಕೂಗಾಡಲಿಲ್ಲ, ಅದೇ ಭಯ. ಹೊಸ ನಕ್ಷೆ ಬರೆದೆ. ಗೋಡೆಯ ಗೆರೆಯ ತುದಿ ಹಿಡಿದು ಸರಿಸಿದೆ ಅಷ್ಟೇ. ಕೋಷ್ಟಕದಲ್ಲಿ ಮನೆ 1200 ಇದ್ದದ್ದು 1175 ಆಯಿತು. ಹಾದಿಗೆ ಯಂತ್ರದ ಲೆಕ್ಕ ಮತ್ತೆ ಹಾಕಿದೆ, 220. ಎರಡರ ಹಿಂದೆಯೂ ಬೂದು ಬಣ್ಣ. ಹಾದಿಯ ಅಗಲ ಮುಂದೆ ಆರು, ಹಿಂದೆ ಐದು ಎಂದು ಎರಡು ಕಡೆ ಬಂತು. ಯಾವುದನ್ನೂ ನಾನು ಬರೆಯಲಿಲ್ಲ.

ಸರ್ ಸಹಿ ಹಾಕಿದರು. "ಇನ್ನ ಸೈಟಿಗಿ ನೀವು ಬರೂದು ಬ್ಯಾಡ ಶೇಖಮ್ಮ. ಟೇಪ್ ಇಲ್ಲೇ ಇಟ್ಟು ಹೋಗ್ರಿ."

ಆಫೀಸಿನ ಟೇಪು ಎರಡು ವರ್ಷದ ಹಿಂದೆಯೇ ತುಂಡಾಗಿದೆ. ಇದು ನನ್ನದು. ಚೀಲದಲ್ಲಿ ಹಾಕಿಕೊಂಡೆ.

ಮೇ 2, ಶುಕ್ರವಾರ

ದೇವದುರ್ಗದಿಂದ ಇನ್ನೊಬ್ಬ ಬಂದಿದ್ದ, ಕಲ್ಯಾಣ ಮಂಟಪದ ಮೆಟ್ಟಿಲು. ಅಗಲ ಐದಡಿ ತೋರಿಸಿ, ಮೂರೂವರೆ ಕಟ್ಟುತ್ತೇವೆ ಎಂದ. ಗೆರೆ ಐದಕ್ಕೆ ಎಳೀಲಾ, ಮೂರೂವರೆಗೆ ಎಳೀಲಾ ಎಂದು ಕೇಳಿದೆ. ಎರಡೂ ಎಂದ. ಎರಡೂ ಬರುವುದಿಲ್ಲ ಎಂದೆ. ಸರ್ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ಅವನು ನಾಳೆ ಬರುತ್ತೇನೆಂದು ಹೋದ. ಬರಲಿಕ್ಕಿಲ್ಲ. ಸೆಖೆ ವಿಪರೀತ, ಫ್ಯಾನಿನ ಗಾಳಿಯೂ ಬಿಸಿ.

ಮೇ 6, ಮಂಗಳವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಶಹಜಾದಿ ಬೇಗಂ ಫೋನ್ ಮಾಡಿದ್ದರು. ನಿನ್ನೆ ರಿಜಿಸ್ಟ್ರಿ ಆಯಿತು, ಇವತ್ತು ಪಾಯ ತೆಗೆಯುತ್ತಿದ್ದಾರೆ. "ಹಗ್ಗ ಕಟ್ಟ್ಯಾರ. ಹಗ್ಗದ ಬಾಜೂಕ್ಕ ಬಂಡಿ ತಳ್ಳಿ ನೋಡಿದೆ. ಬಂತು. ಜನಾಜಾ ಮಾತ್ರ ಇನ್ನ ನೋಡಿಲ್ಲ, ಗಡಿಬಿಡಿ ಇಲ್ಲ ಬಿಡು," ಎಂದು ನಕ್ಕರು. ಆಮೇಲೆ, "ಮನಿಯವರು ಹೆಂಗಿದ್ದಾರ? ನಡಿಯಾಕತ್ತಾರೇನು?" ಎಂದರು.

ಫೋನ್ ಇಟ್ಟೆ. ಇವರು ಮಂಚದಿಂದ ಕೇಳಿಸಿಕೊಳ್ಳುತ್ತಿದ್ದರು. "ಯಾರು?" ಎಂದರು. ಹೇಳಿದೆ. ಬಂಡಿ, ಹಾದಿ, ಆರು ಬರೆದದ್ದು, ಎಲ್ಲ ಹೇಳಿದೆ. ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ. ಆಮೇಲೆ ಇವರು ದಿನಾ ಕೇಳುವುದನ್ನೇ ಕೇಳಿದರು.

"ಮತ್ತ ನಂದು? ಇನ್ನ ಎಷ್ಟ ದಿನ?"

ಹದಿನೈದು ಎಂಬುದು ನಾಲಿಗೆಯ ತುದಿಯವರೆಗೆ ಬಂತು.

"ಆರು ತಿಂಗಳ್ರಿ," ಎಂದೆ. "ಅದೂ ಕೋಲು ಹಿಡಿದು. ದಿನಾ ಎದ್ದು ನಡದ್ರ. ಮಿಲ್ಲಿನ ಏಣಿ ಇನ್ನ ಇಲ್ಲ."

ಇವರು ಮೇಲಿನ ತಗಡು ನೋಡಿದರು. ಚಹಾ ಆರಿತು. ನನಗೆ ಹೇಳಬಾರದಿತ್ತು ಅನಿಸಿತು.

"ದಿನಾ ನಡೀಬೇಕು ಅಂದ್ರ," ಎಂದರು, "ಎಕ್ಸ್‌ರೇ ತೋರಿಸಿ ಬಂದು ಹನ್ನೆರಡು ದಿನ ಆತು, ಯಾಕ ಮಲಗಿಸಿದಿ ನನ್ನ?"

ನೆಲದ ಮೇಲೆ ಕೂತು ಅತ್ತೆ. ಇವರು ಕೈ ಚಾಚಿದರು. ನನ್ನ ತಲೆ ಸವರಲು ಎಂದುಕೊಂಡೆ, ಅಲ್ಲ, ಎಬ್ಬಿಸು ಎಂದು. ಹೆಗಲು ಕೊಟ್ಟೆ. ನಿಂತರು. ಒಂದು ಹೆಜ್ಜೆ, ಇನ್ನೊಂದು. ಬೆವರು ಕಿತ್ತು ಬಂತು, ಹಲ್ಲು ಕಚ್ಚಿದರು. ಬಾಗಿಲಿಗೆ ಇನ್ನೂ ಸುಮಾರು ದೂರ ಇರುವಾಗ ಸಾಕು ಎಂದರು. ಕುರ್ಚಿ ಎಳೆದು ಕೂಡಿಸಿದೆ.

"ಟೇಪ್ ಅದೇನು ಚೀಲದಾಗ?"

ಇತ್ತು. ಒಂದು ತುದಿ ಮಂಚದ ಕಾಲಿಗೆ ಒತ್ತಿ ಹಿಡಿದೆ, ಇನ್ನೊಂದನ್ನು ಇವರು ತಮ್ಮ ಹೆಬ್ಬೆರಳ ಹತ್ತಿರ ಹಿಡಿದರು. ಏಳಡಿ ಎರಡಿಂಚು. ಬಾಗಿಲಿಗೆ ಹನ್ನೊಂದೂವರೆ.

"ಎಂಟು ಅಂತ ಬರಕೊಳ್ಳೇನು?" ಎಂದೆ.

"ಬ್ಯಾಡ," ಎಂದರು. "ನಾಳಿಗಿ ಎಂಟು ನಡದ ಮ್ಯಾಲ ಬರಿ."

7'-2".